ಎಂಟು ತುಂಡು ಆಕಾಶ

ದೂರದರ್ಶಕದ ಕ್ಯಾಂಪ್, ಪುಣೆ ಜಿಲ್ಲೆ
೧೮ ಅಕ್ಟೋಬರ್ ೨೦೧೫

ವೈಜಿನಾಥ ಅವರಿಗೆ,

ಗಂಡನ ಹೆಸರನ್ನು ಹೀಗೆ ಬರೆದದ್ದು ಅತ್ತೆಯವರಿಗೆ ಗೊತ್ತಾದರೆ ನಿಮಗೂ ಎರಡು ಮಾತು ತಪ್ಪಿದ್ದಲ್ಲ. ಲಕೋಟೆಯ ಮೇಲೆ ಹೇಗೂ ಬರೆಯಲೇಬೇಕು, ಒಳಗೆ ಬರೆದರೇನು ಎಂದು ಹೇಳಿ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀರಿ. ಇಲ್ಲಿ ಆಂಟೆನಾಗಳ ಬಯಲಿನಲ್ಲಿ ಮೊಬೈಲ್ ಹಚ್ಚುವಂತಿಲ್ಲ, ಅದು ನಿಮಗೆ ಗೊತ್ತಿರುವುದೇ. ಇನ್ನೊಂದು ಕಾರಣ ಈಗ ಹುಟ್ಟಿಕೊಂಡಿದೆ. ನಿಮ್ಮಿಂದ ಒಂದು ಕೆಲಸ ಆಗಬೇಕು, ಅದರ ಬಗ್ಗೆ ನಾವು ಫೋನಿನಲ್ಲಿ ಮಾತಾಡಲೇಬಾರದು. ನಿಮ್ಮ ದನಿ ಕೇಳಿದರೆ ಸಾಕು, ನೀವು ಏನು ಮುಚ್ಚಿಡುತ್ತಿದ್ದೀರಿ ಎಂದು ನನಗೆ ತಿಳಿದುಬಿಡುತ್ತದೆ.

ನಾನು ಹುಡುಕುತ್ತಿರುವುದು ಏನು ಎಂದು ಮದುವೆಯಾದ ಮೇಲೆ ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲ ನೀವು ಆಕಳಿಸಿದ್ದೀರಿ. ಇನ್ನೊಂದು ಸಲ ಕೇಳಿ. ಬಹಳ ದೂರದ ಗೆಲಾಕ್ಸಿಗಳಲ್ಲಿರುವ ಜಲಜನಕ ಒಂದು ಕ್ಷೀಣವಾದ ರೇಡಿಯೊ ಅಲೆ ಬಿಡುತ್ತದೆ. ಅದಕ್ಕೂ ನಮಗೂ ನಡುವೆ ನಮ್ಮದೇ ಆಕಾಶಗಂಗೆ ಕುಳಿತಿದೆ. ಇದರ ಗದ್ದಲ ಆ ಅಲೆಗಿಂತ ಸಾವಿರಾರು ಪಟ್ಟು ಜೋರು. ಈ ಗದ್ದಲಕ್ಕೆ ಮುನ್ನೆಲೆ ಎನ್ನುತ್ತೇವೆ. ಮುನ್ನೆಲೆಯನ್ನು ಕಳೆದು, ಉಳಿದದ್ದರಲ್ಲಿ ಗೆಲಾಕ್ಸಿಗಳ ಅಲೆಯನ್ನು ಹುಡುಕಬೇಕು. ನಾನು ಬರೆದ ಪ್ರೋಗ್ರಾಂ ಆಕಾಶದ ಎಂಟು ತುಂಡುಗಳನ್ನು ಒಟ್ಟಿಗೆ ನೋಡುತ್ತದೆ, ಎಲ್ಲದರಲ್ಲೂ ಒಂದೇ ಬಗೆಯಾಗಿ ಕಾಣುವುದು ಮುನ್ನೆಲೆ ಎಂದು ತಾನೇ ಕಲಿಯುತ್ತದೆ, ಅದನ್ನು ತೆಗೆದು ಬಿಸಾಡುತ್ತದೆ.

ಬಿಸಾಡುವಾಗ ಗೆಲಾಕ್ಸಿಯೂ ಜೊತೆಗೆ ಹೋದರೆ? ಎಲ್ಲರೂ ಕೇಳುವ ಪ್ರಶ್ನೆ ಇದೇ. ಇದಕ್ಕೊಂದು ಪರೀಕ್ಷೆ ಉಂಟು. ಬೇಕೆಂದೇ ಒಂದು ಸುಳ್ಳು ಅಲೆಯನ್ನು ಒಳಗೆ ಸೇರಿಸುವುದು, ಆಮೇಲೆ ಅದು ಸಿಗುತ್ತದೋ ಇಲ್ಲವೋ ನೋಡುವುದು. ನಾನೇ ಬಚ್ಚಿಟ್ಟು ನಾನೇ ಹುಡುಕಿದಾಗೆಲ್ಲ ಸಿಕ್ಕಿದೆ. ಅದನ್ನು ಯಾರು ನಂಬುತ್ತಾರೆ? ಹೊರಗಿನವರು ಬಚ್ಚಿಡಬೇಕು. ಹೇಳಬಾರದ್ದನ್ನು ಹೇಳದೆ ಇರುವವರು ಯಾರಿದ್ದಾರೆ ಎಂದು ನಮ್ಮ ಗೈಡ್ ಕೇಳಿದರು. ನನ್ನ ಗಂಡ ಎಂದೆ.

ಆ ಎಂಟು ತುಂಡುಗಳಿರುವ ಡಿಸ್ಕ್ ಕಳಿಸುತ್ತೇನೆ. ಅದರಲ್ಲಿರುವ ಇನ್ನೊಂದು ಚಿಕ್ಕ ಪ್ರೋಗ್ರಾಂ ಓಡಿಸಿದರೆ ಒಂದು ಅಂಕಿ ಕೇಳುತ್ತದೆ. ಒಂದರಿಂದ ಎಂಟರೊಳಗೆ ಯಾವುದನ್ನು ಒತ್ತಿದರೆ ಆ ತುಂಡಿಗೆ ಸುಳ್ಳು ಅಲೆ ಸೇರುತ್ತದೆ. ಸೊನ್ನೆ ಒತ್ತಿದರೆ ಎಲ್ಲಿಯೂ ಸೇರುವುದಿಲ್ಲ, ಅದೂ ನಿಮ್ಮ ಇಷ್ಟ. ಒತ್ತಿ, ಡಿಸ್ಕ್ ವಾಪಸು ಕಳಿಸಿ, ಬಾಯಿ ಮುಚ್ಚಿಕೊಂಡಿರಿ. ನಾನು ನನ್ನ ಉತ್ತರ ಬರೆದು ಸಹಿ ಹಾಕಿ ಕಳಿಸಿದ ಮೇಲೆ ನೀವು ನಿಮ್ಮದನ್ನು ಹೇಳಬೇಕು. ಎರಡೂ ಕೂಡಿದರೆ ಜೂನ್ ಹೊತ್ತಿಗೆ ಥೀಸಿಸ್ ಮುಗಿಯುತ್ತದೆ. ಬೀದರಿನ ಕಾಲೇಜಿನಲ್ಲಿ ಕೆಲಸ ಹಿಡಿಯುತ್ತೇನೆ, ನಾವಿಬ್ಬರೂ ಒಂದು ಮನೆಯಲ್ಲಿರುತ್ತೇವೆ. ಕೂಡದಿದ್ದರೆ ಏನು ಎಂಬುದನ್ನು ಈಗ ಬರೆಯುವುದಿಲ್ಲ.

ಶಾಲು

*

ಔರಾದ
೬ ನವೆಂಬರ್ ೨೦೧೫

ಶಾಲು,

ಡಿಸ್ಕ್ ಬಂತು. ಪುಣೆ ಬಸ್ಸಿನ ಡ್ರೈವರ್ ಮಾಣಿಕ ಅದನ್ನು ತನ್ನ ಬುತ್ತಿಯ ಜೊತೆ ಕಟ್ಟಿಕೊಂಡು ಬಂದಿದ್ದ. ಹೊರಗೆ ಉಪ್ಪಿನಕಾಯಿಯ ಎಣ್ಣೆ ಹತ್ತಿದೆ, ಒಳಗಿನ ಆಕಾಶಕ್ಕೆ ಹತ್ತಿಲ್ಲ ಎಂದುಕೊಂಡಿದ್ದೇನೆ.

ನಮ್ಮ ಶಾಲೆಯ ಕಂಪ್ಯೂಟರ್ ಕೆಟ್ಟು ಎರಡು ವರ್ಷವಾಯಿತು. ಹಾಗಾಗಿ ಭಾಲ್ಕಿಗೆ ಹೋಗಿ ನಿನ್ನ ಕ್ಲಾಸಿನ ಅಬ್ದುಲ ವಾಹೀದನ ಅಂಗಡಿಯಲ್ಲಿ ಕೂತೆ. ಪರದೆಯ ಮೇಲೆ ಬರೀ ಬೂದಿ ಬಣ್ಣ ನೋಡಿ ಅವನು, "ಇದೇನ್ರಿ ಸರ್, ಪಿಚ್ಚರ್ ಏನ್ರಿ?" ಎಂದ. "ಆಕಾಶ ಅದಪ್ಪ" ಎಂದೆ. "ಹಂಗಾದ್ರ ಅದರಾಗ ಮಳಿ ಎಲ್ಲ್ಯಾರ ಅದ ಏನು ನೋಡ್ರಿ" ಎಂದ. ಚಹಾ ತರಲು ಕಳಿಸಿ ಅವನನ್ನು ಹೊರಗೆ ಹಾಕಿ ಕೆಲಸ ಮುಗಿಸಿದೆ. ನಿನ್ನ ಪ್ರೋಗ್ರಾಂ ಭಾರಿ ನಿಧಾನ. ಮಧ್ಯಾಹ್ನ ಪೂರ್ತಿ ಹಿಡಿಯಿತು.

ಇಲ್ಲಿಯದು ಬರೆಯಲು ಬೇಸರ. ಓಣಿಗೆ ಟ್ಯಾಂಕರ್ ಬರುವ ದಿನ ನೀರು ಹಂಚುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಮಾಸ್ತರ ಜಗಳ ಆಡುವುದಿಲ್ಲ ಎಂಬ ನಂಬಿಕೆ. ಸಾಲಾಗಿಟ್ಟ ಕೊಡಗಳಿಗೆ ಮೊದಲು ಒಂದೊಂದು ಸುತ್ತು, ಆಮೇಲೆ ಉಳಿದರೆ ಎರಡನೆಯ ಸುತ್ತು. ಒಂದು ಕೊಡವೂ ಖಾಲಿ ಹೋಗಬಾರದು ಎಂಬುದೊಂದೇ ಕಾನೂನು. ಇಷ್ಟಾದರೂ ಹೀರಾಬಾಯಿ ನನ್ನ ವಂಶವನ್ನೆಲ್ಲ ಎತ್ತಿ ಆಡುತ್ತಾಳೆ.

ದಸರೆ ಮುಗಿದ ಮೇಲೆ ತರಗತಿ ಅರ್ಧ ಖಾಲಿಯಾಗಿದೆ. ಕೆಲವರು ಹೈದರಾಬಾದಿಗೆ ಹೋದರು, ಹೆಚ್ಚಿನವರು ಪುಣೆ ಕಡೆಗೆ. ನಿನ್ನ ಡಿಸ್ಕ್ ತಂದ ಬಸ್ಸೇ ತಿರುಗಿ ಹೋಗುವಾಗ ನನ್ನ ಎಂಟನೆಯ ತರಗತಿಯನ್ನು ತುಂಬಿಕೊಂಡು ಹೋಯಿತು. ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದರೆ ಹಿಂದೆ ಸದ್ದೇ ಇರುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಅವ್ವ ದಿನಾ ಕೇಳುತ್ತಾಳೆ, "ಸೊಸಿ ಯಾವಾಗ ಬರ್ತಾಳ?" ಜೂನಿಗೆ ಎಂದು ಹೇಳಿದ್ದೇನೆ. ಅವಳು ಊರಿಗೆಲ್ಲ ಹೇಳಿದ್ದಾಳೆ.

ವೈಜಿನಾಥ

*

ಕ್ಯಾಂಪ್
೧೩ ಡಿಸೆಂಬರ್ ೨೦೧೫

ನಿಮಗೆ,

ವಾಹೀದನ ಕಂಪ್ಯೂಟರ್ ಅಷ್ಟು ಹಳೆಯದೇ? ಅಂಕಿ ಒತ್ತಿ ಮುಗಿಸಲು ಒಂದು ಚಹಾದಷ್ಟು ಹೊತ್ತು ಸಾಕಿತ್ತು. ಇರಲಿ.

ಏನೂ ಸಿಗುತ್ತಿಲ್ಲ. ಒಂದನೆಯ ತುಂಡಿನಿಂದ ಎಂಟರವರೆಗೆ ಹೋಗಿ, ತಿರುಗಿ ಎಂಟರಿಂದ ಒಂದಕ್ಕೆ ಬಂದಿದ್ದೇನೆ. ನಡುವೆ ಎರಡು ದಿನ ನಾಲ್ಕನೆಯ ತುಂಡಿನಲ್ಲಿ ಏನೋ ಮಿಸುಕಿದಂತಾಗಿ ಊಟ ಮರೆತು ಕುಳಿತೆ. ವಿಚಾರಿಸಿದರೆ, ಆ ತುಂಡನ್ನು ದೂರದರ್ಶಕ ದಾಖಲಿಸಿದ ದಿನ ಪಕ್ಕದ ಊರಿನಲ್ಲಿ ಯಾರೋ ಕಬ್ಬಿಣದ ಗೇಟಿಗೆ ಬೆಸುಗೆ ಹಾಕುತ್ತಿದ್ದರಂತೆ. ಕೋಟಿ ಕೋಟಿ ವರ್ಷ ನಡೆದು ಬಂದ ಅಲೆಯನ್ನು ಹುಡುಕಲು ಕುಳಿತವಳಿಗೆ ಗೇಟು ಸಿಕ್ಕಿತು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕ್ಯಾಂಪಿನ ಹೊಸ ಗೋಡೆಯ ಕೆಲಸಕ್ಕೆ ನಮ್ಮ ಕಡೆಯವರು ಬಂದಿದ್ದಾರೆ. ಸಖುಬಾಯಿ ಎಂಬವಳು ಔರಾದ ತಾಲೂಕಿನವಳು. ನನ್ನ ಕನ್ನಡ ಕೇಳಿ ತಲೆಯ ಮೇಲಿನ ಬುಟ್ಟಿ ಇಳಿಸಿ ನಿಂತಳು.

"ನೀವು ಇಲ್ಲಿ ಯಾವ ಕೆಲಸಕ್ಕ ಬಂದೀರಿ ಬಾಯಿ?"

"ಹುಡುಕೋ ಕೆಲಸ."

"ಸಿಕ್ಕತೇನ್ರಿ?"

"ಇನ್ನಾ ಇಲ್ಲ."

"ಸಿಗದಿದ್ರೂ ಪಗಾರ ಕೊಡ್ತಾರೇನ್ರಿ?"

ಕೊಡುತ್ತಾರೆ ಎಂದಾಗ ಅವಳು ನನ್ನನ್ನು ನೋಡಿದ ರೀತಿ ನನಗೆ ಸಹಿಸಲಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಪಗಾರವೂ ಜೂನಿಗೆ ಮುಗಿಯುತ್ತದೆ.

ಕೇಳಬಾರದು, ಗೊತ್ತಿದೆ. ಆದರೂ ಒಂದೇ ಒಂದು ಸುಳಿವು ಕೊಡಿ. ಅಂಕಿ ಬೇಡ. ನಾನು ಸರಿಯಾದ ಕಡೆ ನೋಡುತ್ತಿದ್ದೇನೋ ಇಲ್ಲವೋ ಅಷ್ಟೇ. ದೂರದಿಂದ ಕಣ್ಣು ಹೊಡೆದಷ್ಟು ಸಾಕು.

ಶಾಲು

*

ಔರಾದ
೩೦ ಡಿಸೆಂಬರ್ ೨೦೧೫

ಶಾಲು,

ಕಣ್ಣು ಹೊಡೆಯುವ ಕೆಲಸವನ್ನೆಲ್ಲ ಮದುವೆಗೆ ಮುಂಚೆ ಮುಗಿಸಿಕೊಳ್ಳಬೇಕಿತ್ತು. ಈಗ ನಾನು ಗೃಹಸ್ಥ. ಸುಳಿವು ಸಿಗುವುದಿಲ್ಲ.

ಆದರೂ ಇಷ್ಟು ದಿನ ಯಾಕೆ ಬೇಕು ಎಂದು ನನಗೆ ಆಶ್ಚರ್ಯ. ಇದು ಸುಲಭವಾಗಿ ಮುಗಿಯಬೇಕಾಗಿತ್ತು. ಈ ಸಾಲನ್ನು ಹೊಡೆದು ಹಾಕಬೇಕೆಂದಿದ್ದೆ, ಹಾಕಿದರೆ ಅದರಲ್ಲೂ ನೀನು ಏನೋ ಹುಡುಕುತ್ತೀಯ ಎಂದು ಬಿಟ್ಟಿದ್ದೇನೆ. ಗಮನ ಕೊಡಬೇಡ.

ಟ್ಯಾಂಕರ್ ಈಗ ಹೇಳಿದ ದಿನ ಬರುತ್ತಿಲ್ಲ. ಬಂದ ದಿನ ನನಗೆ ಶಾಲೆ. ಶಾಲೆ ಬಿಟ್ಟು ಓಡಿ ಬಂದರೆ ಹೆಡ್ ಮಾಸ್ತರರ ಮುಖ, ಬರದಿದ್ದರೆ ಓಣಿಯ ಬಾಯಿ. ಎರಡೂ ಕಡೆ ಬೈಗುಳ ತಿಂದು ಮನೆಗೆ ಬಂದರೆ ಅವ್ವನ ಪ್ರಶ್ನೆ. ಬಹಳ ಸುಸ್ತಾಗಿದ್ದೇನೆ, ಶಾಲು. ನೀನು ಇಲ್ಲಿರಬೇಕಿತ್ತು ಎಂದು ಈ ಹಿಂದೆ ಬರೆದಿಲ್ಲ, ಈಗ ಬರೆಯುತ್ತಿದ್ದೇನೆ.

ನಿನಗೆ ಹೇಳಬೇಕಾದ ಒಂದು ಸುದ್ದಿ ಇದೆ. ನಿನ್ನ ಉತ್ತರ ಬಂದ ಮೇಲೆ ಹೇಳುತ್ತೇನೆ.

ವೈಜಿನಾಥ

*

ಕ್ಯಾಂಪ್
೨೫ ಜನವರಿ ೨೦೧೬

ನಿಮಗೆ,

ನನ್ನ ಉತ್ತರ ಇದು, ಗೈಡ್ ಅವರ ಎದುರಿಗೇ ಬರೆಯುತ್ತಿದ್ದೇನೆ: ಎಂಟು ತುಂಡುಗಳಲ್ಲಿ ಯಾವುದರಲ್ಲೂ ಸುಳ್ಳು ಅಲೆ ಇಲ್ಲ. ಅಂದರೆ ಸೊನ್ನೆ. ಕೆಳಗೆ ಸಹಿ ಇದೆ.

ಈಗ ಅವರು ಎದ್ದು ಹೋದರು, ಉಳಿದದ್ದನ್ನು ಬರೆಯುತ್ತೇನೆ. ಸುಲಭ ಎಂದು ನೀವು ಬರೆದು, ಹೊಡೆದು ಹಾಕಲೋ ಬೇಡವೋ ಎಂದು ಒದ್ದಾಡಿದಿರಲ್ಲ, ಅದನ್ನು ಓದಿ ನನಗೆ ನಗು ಬಂತು. ಏನನ್ನೂ ಹಾಕದೆ ಸುಮ್ಮನೆ ಡಿಸ್ಕ್ ಕಳಿಸಿದವರಿಗೆ ಸುಲಭ ಅನ್ನಿಸದೆ ಇನ್ನೇನು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆ ಕಾಗದ ಬಂದ ಮೇಲೂ ಮೂರು ವಾರ ಹುಡುಕಿ ನೋಡಿಯೇ ಸಹಿ ಹಾಕಿದ್ದು. ಆದರೆ ಸಹಿ ಹಾಕುವಾಗ ಅನುಮಾನ ಉಳಿದಿರಲಿಲ್ಲ.

ನಿಜವಾದ ಗೆಲಾಕ್ಸಿಗಳ ಅಲೆಯೂ ಸಿಕ್ಕಿಲ್ಲ, ಹಾಗಾಗಿ ಅದು ಇಂತಿಷ್ಟಕ್ಕಿಂತ ಜೋರಾಗಿ ಇರಲಾರದು ಎಂದು ಹೇಳುವ ಪೇಪರ್ ತಯಾರಾಗಿದೆ. ದೊಡ್ಡ ಮಾತು ಅದು. ಯಾರೂ ಇಷ್ಟು ಆಳಕ್ಕೆ ಇಳಿದಿಲ್ಲ ಎಂದು ಗೈಡ್ ಹೇಳಿದರು, ಹೊಗಳದ ಮನುಷ್ಯ.

ಜೂನಿನಲ್ಲಿ ಬರುತ್ತೇನೆ. ಅತ್ತೆಗೆ ಹೇಳಿ. ನಿಮ್ಮ ಸುದ್ದಿ ಏನು, ಬೇಗ ಬರೆಯಿರಿ.

ಶಾಲು

*

ಔರಾದ
೪ ಫೆಬ್ರವರಿ ೨೦೧೬

ಶಾಲು,

ನಿನ್ನ ಕಾಗದ ಓದಿ, ತಿರುಗಿ ಮೊದಲಿನಿಂದ ಓದುತ್ತ ಕೂತಿದ್ದೆ. ಅವ್ವ ಬಂದು, "ಯಾಕ, ಅಕಿಗಿ ಆರಾಮ ಇಲ್ಲೇನು?" ಎಂದು ಕೇಳಿದಳು.

ನಾನು ಸೊನ್ನೆ ಒತ್ತಿಲ್ಲ. ಎಂಟಕ್ಕೂ ಹಾಕಿದ್ದೇನೆ.

ಒಂದು ಸಲಕ್ಕೆ ಒಂದೇ ಅಂಕಿ ಕೇಳುತ್ತದೆ ನಿನ್ನ ಪ್ರೋಗ್ರಾಂ. ನಾನು ಎಂಟು ಸಲ ಓಡಿಸಿದೆ. ಮಧ್ಯಾಹ್ನ ಪೂರ್ತಿ ಹಿಡಿದದ್ದು ಅದಕ್ಕೇ. ಮೊದಲು ಮೂರು ಒತ್ತಿ ಎದ್ದಿದ್ದೆ. ಒಂದಕ್ಕೆ ಮಾತ್ರ ಹಾಕಿದರೆ, ಅದೇ ತುಂಡನ್ನು ನೀನು ಅವಸರದಲ್ಲಿ ದಾಟಿಬಿಟ್ಟರೆ ಎಂಬ ಯೋಚನೆ ಬಂತು. ಎಲ್ಲದಕ್ಕೂ ಹಾಕಿದರೆ ಒಂದರಲ್ಲಾದರೂ ಸಿಗುತ್ತದಲ್ಲ. ಕೊಡಗಳ ಸಾಲಿನ ಮುಂದೆ ನಿಲ್ಲುವವನಿಗೆ ಏಳನ್ನು ಖಾಲಿ ಬಿಡಲು ಕೈ ಬರಲಿಲ್ಲ, ಅದೂ ನಿಜ. ತಿರುಗಿ ಕೂತು ಉಳಿದ ಏಳಕ್ಕೂ ಹಾಕಿದೆ. ನಿನಗೆ ಸಿಗಲಿ ಎಂದೇ ಮಾಡಿದ್ದು. ಎಂಟು ಕಡೆ ತುಂಬಿ ಕೊಟ್ಟರೂ ಒಂದೂ ಕಾಣಲಿಲ್ಲ ಎಂದರೆ ಏನರ್ಥ? ನಿನ್ನ ಆ ಯಂತ್ರಗಳು ಏನು ಮಾಡುತ್ತಿವೆ?

ಸುದ್ದಿಯನ್ನೂ ಹೇಳಿಬಿಡುತ್ತೇನೆ, ಈಗ ಅದರಲ್ಲಿ ರುಚಿ ಉಳಿದಿಲ್ಲ. ಬೀದರಿನ ಚಿದ್ರಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೇನೆ, ಕರೀಮ ಸಾಬ ಎಂಬವರದು. ಒಂದು ದಿನ ಬಿಟ್ಟು ಒಂದು ದಿನ ನಲ್ಲಿಗೆ ನೀರು ಬರುತ್ತದೆ. ಕಿಟಕಿಯ ಹತ್ತಿರ ಇಡಲು ನೌಬಾದದ ಬಡಿಗನಿಂದ ಮೇಜು ಮಾಡಿಸಿದ್ದೇನೆ, ನಿನ್ನ ಕಾಗದಗಳನ್ನು ಹರಡಿಕೊಂಡು ಕೂಡುವಷ್ಟು ದೊಡ್ಡದು. ಜೂನಿಗೆ ಮೊದಲು ಹೇಳಬಾರದು ಎಂದುಕೊಂಡಿದ್ದೆ.

ಈಗ ಏನು ಮಾಡಬೇಕು ಎಂದು ಬರೆ.

ವೈಜಿನಾಥ

*

ಕ್ಯಾಂಪ್
೧೨ ಫೆಬ್ರವರಿ ೨೦೧೬

ನಿಮಗೆ,

ಒಂದು ಅಂಕಿ ಒತ್ತಿ ಎಂದು ಬರೆದಿದ್ದೆ. ಒಂದು. ಎಂಟನೆಯ ತರಗತಿಯ ಹುಡುಗ ಹೀಗೆ ಮಾಡಿದ್ದರೆ ನೀವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ.

ಎಲ್ಲ ತುಂಡುಗಳಲ್ಲೂ ಒಂದೇ ಬಗೆಯಾಗಿ ಇರುವುದನ್ನು ಪ್ರೋಗ್ರಾಂ ಮುನ್ನೆಲೆ ಎಂದು ಕಲಿತು ತೆಗೆದುಹಾಕುತ್ತದೆ ಎಂದು ಮೊದಲ ಕಾಗದದಲ್ಲೇ ಹೇಳಿದ್ದೆ. ನೀವು ಎಂಟಕ್ಕೂ ಹಾಕಿದಿರಿ, ಅದು ಎಂಟರಿಂದಲೂ ತೆಗೆಯಿತು. ಇದರಲ್ಲಿ ಪರೀಕ್ಷೆ ಏನು ಬಂತು? ನಾಲ್ಕು ತಿಂಗಳು ಹಾಳು. ಸಹಿ ಹಾಕಿದ ಮಾತು ಸುಳ್ಳಾಗಿ ಗೈಡ್ ಎದುರು ತಲೆ ತಗ್ಗಿಸಿ ನಿಂತೆ. ನಿಮ್ಮ ಗಂಡನಿಗೆ ಓದಲು ಬರುತ್ತದೆ ತಾನೇ ಎಂದು ಕೇಳಿದರು.

ನನಗೆ ಸಿಗಲಿ ಎಂದು ಮಾಡಿದೆ ಎನ್ನುತ್ತೀರಿ. ನನಗಾಗಿ ಅಲ್ಲ. ಚಿದ್ರಿಯ ಮನೆಗಾಗಿ ಮಾಡಿದಿರಿ. ನಿಮ್ಮ ಆತುರವನ್ನು ತಂದು ನನ್ನ ಕೆಲಸದಲ್ಲಿ ಸುರಿದಿರಿ. ಕೇಳದೆ ಮನೆ ಹಿಡಿದಿರಿ, ಕೇಳದೆ ಮೇಜು ಮಾಡಿಸಿದಿರಿ, ಕೇಳದೆ ಊರಿಗೆಲ್ಲ ಜೂನ್ ಎಂದಿರಿ. ಇನ್ನು ಉಪಕಾರ ಬೇಡ.

ಶಾಲುಬಾಯಿ

*

ಕ್ಯಾಂಪ್
೩ ಏಪ್ರಿಲ್ ೨೦೧೬

ನಿಮಗೆ,

ಮಾರ್ಚ್ ಪೂರ್ತಿ ನಿಮ್ಮ ಕಾಗದ ಬರಲಿಲ್ಲ. ಬರೆಯುವಂಥದ್ದನ್ನು ನಾನು ಉಳಿಸಿಯೂ ಇರಲಿಲ್ಲ. ಫೋನಿನಲ್ಲಿ ಅತ್ತೆ ಮಾತಾಡಿ ಇಟ್ಟುಬಿಡುತ್ತಾರೆ, ನೀವು ಯಾವಾಗಲೂ ಟ್ಯಾಂಕರ್ ಹತ್ತಿರ ಇರುತ್ತೀರಿ. ವಾರಕ್ಕೊಮ್ಮೆ ಬರುವ ಟ್ಯಾಂಕರ್ ನಾನು ಫೋನ್ ಮಾಡಿದಾಗಲೇ ಬರುತ್ತದೆ ಎಂಬುದನ್ನು ನಂಬುವಷ್ಟು ದಡ್ಡಿ ನಾನಲ್ಲ.

ಇಲ್ಲಿ ನಡೆದದ್ದನ್ನು ಹೇಳುತ್ತೇನೆ, ಪೂರ್ತಿ ಓದಿ.

ನಿಮ್ಮ ಪರೀಕ್ಷೆ ನಿಯಮ ಮೀರಿ ನಡೆದದ್ದು, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಎಂದು ಗೈಡ್ ಹೇಳಿದರು. ಆಫೀಸಿನ ಒಬ್ಬರ ಕೈಯಿಂದ ಮತ್ತೆ ಮಾಡಿಸಿದರು. ಅವರು ಹೇಳಿದ ಹಾಗೆ ಒಂದೇ ಅಂಕಿ ಒತ್ತಿದರು, ನಾನು ಅದೇ ದಿನ ಹುಡುಕಿ ಐದು ಎಂದೆ, ಐದೇ ಆಗಿತ್ತು. ಪೇಢೆ ಹಂಚಿದರು. ಪೇಪರ್ ಹೋಯಿತು.

ಆಮೇಲೆ ನಿಮ್ಮ ಡಿಸ್ಕನ್ನು ಅಳಿಸಲು ತೆಗೆದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಇವರು ಹಾಕಿದ ಎಂಟು ಅಲೆಗಳು ಎಲ್ಲಿಗೆ ಹೋಗಿ ಬಿದ್ದವು ನೋಡೋಣ ಎಂದು, ಮುನ್ನೆಲೆ ಎಂದು ಕಳೆದು ಬಿಸಾಡಿದ್ದನ್ನು ತೆರೆದೆ. ಎಂಟೂ ಅಲ್ಲೇ ಇದ್ದವು. ಒಂದಿಷ್ಟೂ ಸವೆಯದೆ, ಕಸದಲ್ಲಿ.

ಆಗ ನನಗೆ ಹೊಳೆಯಿತು. 'ಎಂಟಕ್ಕೂ ಹಾಕುವುದು ಪರೀಕ್ಷೆಯೇ ಅಲ್ಲ' ಎಂದು ನಿಮಗೆ ಬೈದಿದ್ದೆನಲ್ಲ, ನಿಜವಾದ ಗೆಲಾಕ್ಸಿಗಳು ಎಲ್ಲಿವೆ? ಎಂಟು ತುಂಡುಗಳಲ್ಲೂ ಇವೆ. ಯಾವ ದಿಕ್ಕಿಗೆ ನೋಡಿದರೂ ಇವೆ. ಒಂದು ತುಂಡಿಗೆ ಕೊಟ್ಟು ಏಳನ್ನು ಖಾಲಿ ಬಿಡುವ ಆಕಾಶ ಎಲ್ಲಿಯೂ ಇಲ್ಲ. ಅಷ್ಟು ಕ್ಷೀಣವಾದುದನ್ನು ಪ್ರೋಗ್ರಾಂ ಕಲಿಯಲಾರದು ಎಂದು ನಾನೂ ಗೈಡೂ ನಂಬಿಕೊಂಡಿದ್ದೆವು. ಎಂಟೂ ಕಡೆ ಇದ್ದರೆ ಕಲಿಯುತ್ತದೆ. ಕಲಿತು ಬಿಸಾಡುತ್ತದೆ. ನಾನು ಇಷ್ಟು ವರ್ಷ ಒಂದೊಂದೇ ತುಂಡಿಗೆ ಹಾಕಿ, ಸಿಕ್ಕಿತು ಸಿಕ್ಕಿತು ಎಂದು ಕುಣಿಯುತ್ತಿದ್ದೆ. ಹುಡುಕಬೇಕಾದದ್ದನ್ನು ನಾನೇ ಹೊರಗೆ ಹಾಕಿ, ಒಳಗೆ ಇಲ್ಲ ಎಂದು ಪೇಪರ್ ಬರೆದಿದ್ದೆ.

ಗೈಡ್ ಹತ್ತಿರ ಹೋಗಿ ಹೇಳಿದೆ. "ಇದನ್ನು ಯಾರೂ ಕೇಳಿಲ್ಲವಲ್ಲ" ಎಂದರು. ಕೇಳುವವರೆಗೆ ಕಾಯೋಣವೇ ಎಂದೆ. ಒಂದು ವಾರ ನನ್ನೊಂದಿಗೆ ಮಾತು ಬಿಟ್ಟರು. ಆಮೇಲೆ ಅವರೇ ಕುಳಿತು ಪೇಪರ್ ವಾಪಸು ತೆಗೆದುಕೊಳ್ಳುವ ಕಾಗದ ಬರೆದರು. ನಾನು ಸಹಿ ಹಾಕಿದೆ.

ಜೂನಿಗೆ ಬರಲಾಗುವುದಿಲ್ಲ. ಇದನ್ನು ಬರೆಯುವಾಗ ಅಳು ಬಂತು, ಬರಲಿಲ್ಲ ಎಂದು ಯಾಕೆ ನಟಿಸಲಿ. ಪ್ರೋಗ್ರಾಂ ಹೊಸದಾಗಿ ಬರೆಯುತ್ತಿದ್ದೇನೆ. ಮತ್ತೊಂದು ಪರೀಕ್ಷೆ ಆಗಬೇಕು. ಈ ಸಲ ಎಷ್ಟು ತುಂಡುಗಳಿಗೆ ಬೇಕಾದರೂ ಹಾಕಬಹುದು, ಎಂಟಕ್ಕೂ ಹಾಕಬಹುದು, ಸೊನ್ನೆಯೂ ಆಗಬಹುದು. ಉತ್ತರ ಕೂಡಿದರೆ ದಸರೆಯ ಹೊತ್ತಿಗೆ ಬರುತ್ತೇನೆ. ಕೂಡದಿದ್ದರೆ ಇನ್ನೆರಡು ವರ್ಷ, ಅದೂ ಅವರು ಇಟ್ಟುಕೊಂಡರೆ.

ಬೇರೆ ಯಾರನ್ನಾದರೂ ನೋಡು ಎಂದರು ಗೈಡ್. ನನ್ನ ಗಂಡನೇ ಆಗಬೇಕು ಎಂದೆ. ಫೆಬ್ರವರಿಯಲ್ಲಿ ಹಾಗೆ ಬರೆದದ್ದಕ್ಕೆ ನನಗೆ ನಾಚಿಕೆಯಾಗಿದೆ. ಮೇಜು ಯಾವ ಮರದ್ದು ಎಂದೂ ಕೇಳಲಿಲ್ಲ.

ಶಾಲು

*

ಔರಾದ
೨೦ ಏಪ್ರಿಲ್ ೨೦೧೬

ಶಾಲು,

ಬೇವಿನ ಮರದ್ದು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನನ್ನಿಂದ ಹಾಳಾಗಲಿಲ್ಲ ಎಂದು ಸಮಾಧಾನವಾಯಿತು ಎಂದು ಬರೆದರೆ ಸುಳ್ಳು. ಜೂನಿಗೆ ಬರುವುದಿಲ್ಲ ಎಂಬುದೊಂದೇ ಕಣ್ಣಿಗೆ ಕಾಣುತ್ತಿತ್ತು. ನೀನು ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ ಎಂದು ನಿನ್ನ ಗೈಡೇ ಹೇಳಿದರಲ್ಲ, ಅವರು ಹೇಳಿದ್ದು ನನಗೂ ಒಳಗೊಳಗೇ ಹಿಡಿಸಿತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮತ್ತ ಆ ಖಾಲಿ ಮನಿಗಿ ದೀಪ ಹಚ್ಚಲಾಕ ನೀ ಒಬ್ಬನೇ ಹೋಗಾಂವೇನು?" ಎಂದಳು. ಜನವರಿಯಿಂದ ಅದು ಖಾಲಿ ಬಿದ್ದಿದೆ. ಬೀದರಿನಲ್ಲಿ ಈಗ ಮನೆ ಎಂದರೆ ಹೊಡೆದಾಟ, ನೀರಿಲ್ಲದ ಊರುಗಳಿಂದ ಜನ ಬರುತ್ತಿದ್ದಾರೆ. ಇರುವುದಾದರೆ ಇರಿ, ಇಲ್ಲವಾದರೆ ಬಿಡಿ ಎನ್ನುತ್ತಿದ್ದಾರೆ ಕರೀಮ ಸಾಬರು. ಅವರ ಮಾತಿನಲ್ಲಿ ತಪ್ಪಿಲ್ಲ.

ನೀನು ಕೇಳಿದ ಕೆಲಸ ನನ್ನಿಂದ ಆಗುವುದಿಲ್ಲ. ಕಾರಣವನ್ನೂ ಬರೆಯುತ್ತೇನೆ. ನಾನು ಸೊನ್ನೆ ಒತ್ತಿದರೆ, ಹೊಸ ಪ್ರೋಗ್ರಾಂ ಕೆಟ್ಟಿದ್ದರೂ ನೀನು ಏನೂ ಇಲ್ಲ ಎಂದೇ ಬರೆಯುತ್ತೀಯ, ನಾನು ಹೌದು ಎನ್ನುತ್ತೇನೆ, ದಸರೆಗೆ ನೀನು ಮನೆಗೆ ಬರುತ್ತೀಯ. ಸೊನ್ನೆ ನಿಯಮದೊಳಗೇ ಇದೆ. ಯಾರಿಗೂ ಗೊತ್ತಾಗುವುದಿಲ್ಲ, ನಿನಗೂ ಇಲ್ಲ. ಚಿದ್ರಿಯ ಮನೆಗಾಗಿ ಮಾಡಿದಿರಿ ಎಂದು ಬೈದಿದ್ದೆಯಲ್ಲ, ಆಗ ಅದು ಅರ್ಧ ಸುಳ್ಳು. ಈಗ ಆ ಕಂಪ್ಯೂಟರಿನ ಮುಂದೆ ಕೂತರೆ ಪೂರ್ತಿ ನಿಜವಾಗುತ್ತದೆ. ನನ್ನ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು.

ಬೇರೆಯವರನ್ನು ಹುಡುಕು.

ವೈಜಿನಾಥ

*

ಕ್ಯಾಂಪ್
೧ ಮೇ ೨೦೧೬

ನಿಮಗೆ,

ನೀವು ಹೇಳಿದ್ದು ಸರಿ. ಇದು ನನಗೇ ಹೊಳೆಯಬೇಕಿತ್ತು.

ಡಿಸ್ಕನ್ನು ವಾಹೀದನ ಅಂಗಡಿಗೆ ಕಳಿಸಿದ್ದೇನೆ, ಮಾಣಿಕ ತಲುಪಿಸುತ್ತಾನೆ. ವಾಹೀದನೇ ಒತ್ತಲಿ. ಅವನಿಗೆ ನಾನು ಬಂದರೂ ಒಂದೇ, ಬಿಟ್ಟರೂ ಒಂದೇ. ಗೋಡೆ ಮುಗಿಯಿತು ಎಂದು ಸಖುಬಾಯಿಯ ತಂಡ ನಿನ್ನೆ ಇನ್ನೊಂದು ಕಡೆಗೆ ಹೋಯಿತು. ಊರಿಗೆ ಯಾವಾಗ ಎಂದು ಕೇಳಿದೆ. "ಮಳಿ ಬಂದ್ರ" ಎಂದಳು. ನನ್ನನ್ನು ಅವಳು ತಿರುಗಿ ಕೇಳಲಿಲ್ಲ.

ನಿಮ್ಮನ್ನು ನೋಡಬೇಕು ಅನ್ನಿಸುತ್ತದೆ. ಇನ್ನು ಏನನ್ನೂ ಕೇಳುವುದಿಲ್ಲ.

ಶಾಲು

*

ಭಾಲ್ಕಿ
೧೭ ಮೇ ೨೦೧೬

ಶಾಲು,

ಇದನ್ನು ವಾಹೀದನ ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಅವನು ನನಗೆ ಫೋನ್ ಮಾಡಿ, "ಸರ್, ಬಾಯಿಯವರು ಆಕಾಶ ಕಳಿಸ್ಯಾರ್ರಿ. ನಾ ಏನರ ಒತ್ತಿ ಏನರ ಆದ್ರ ನನ್ನ ಮ್ಯಾಲ ಬರ್ತದ. ನೀವೇ ಬರ್ರಿ" ಎಂದ. ಬರುವುದಿಲ್ಲ ಎಂದೆ. ಎರಡು ದಿನ ಯೋಚಿಸಿ, ನಾನೇ ಫೋನ್ ಮಾಡಿ ಬರುತ್ತೇನೆ ಎಂದೆ.

ಶನಿವಾರ ಬೀದರಿಗೆ ಹೋಗಿ ಚಿದ್ರಿಯ ಮನೆಯ ಕೀಲಿಯನ್ನು ಕರೀಮ ಸಾಬರ ಕೈಗೆ ಕೊಟ್ಟೆ. "ಯಾಕ್ರಿ ಮಾಸ್ತರ, ಬಾಯಿಯವರು ಬರಾಂಗಿಲ್ಲೇನ್ರಿ?" ಎಂದರು. "ಬರ್ತಾರ್ರಿ. ಯಾವಾಗ ಅಂಬೋದು ನನಗ ಗೊತ್ತಿರಬಾರದು" ಎಂದೆ. ಅವರಿಗೆ ಏನು ತಿಳಿಯಿತೋ, ಹೆಗಲು ತಟ್ಟಿ ಚಹಾ ಕುಡಿಸಿದರು. ಆ ಮನೆಗೆ ಅದೇ ದಿನ ಹಾವಗೆಪ್ಪ ಎಂಬವನ ಸಂಸಾರ ಬಂತು. ಊರಿನಲ್ಲಿ ಕುರಿಗಳಿಗೂ ನೀರಿಲ್ಲದೆ ಮಾರಿ ಬಂದವರು. ಮೇಜನ್ನು ಹೊರಗೆ ತರಲು ಹೋದರೆ ಅವನ ಹೆಂಡತಿ ಆಗಲೇ ಅದರ ಮೇಲೆ ಹಿಟ್ಟಿನ ಡಬ್ಬಿ ಜೋಡಿಸಿದ್ದಳು. ಬಿಟ್ಟು ಬಂದೆ.

ಮನೆ ಕೈಯಲ್ಲಿರುವ ತನಕ ಈ ಕಂಪ್ಯೂಟರಿನ ಮುಂದೆ ಕೂಡಬಾರದು ಎಂದು ತೀರ್ಮಾನ ಮಾಡಿದ್ದೆ. ಈಗ ನೀನು ದಸರೆಗೆ ಬಂದರೂ ಕರೆದುಕೊಂಡು ಹೋಗಲು ನನ್ನ ಹತ್ತಿರ ಮನೆ ಇಲ್ಲ. ಇನ್ನೊಂದು ಈ ವರ್ಷ ಸಿಗುವುದೂ ಇಲ್ಲ, ವಿಚಾರಿಸಿದ್ದೇನೆ. ಅವ್ವನಿಗೂ ಯಾವ ತಿಂಗಳ ಹೆಸರನ್ನೂ ಹೇಳಿಲ್ಲ. ಸೊನ್ನೆ ಒತ್ತಿ ನಾನು ಗಳಿಸುವುದು ಏನೂ ಉಳಿದಿಲ್ಲ. ಇಷ್ಟನ್ನು ಮಾಡಿಕೊಂಡ ಮೇಲೆ ಕೂತು ಒತ್ತಿದೆ. ಏನು ಒತ್ತಿದೆ, ಎಷ್ಟು ಸಲ ಒತ್ತಿದೆ, ಎಷ್ಟು ಹೊತ್ತು ಹಿಡಿಯಿತು ಎಂದು ಈ ಸಲ ಬರೆಯುವುದಿಲ್ಲ.

ಡಿಸ್ಕ್ ಇವತ್ತಿನ ಬಸ್ಸಿಗೆ ಬರುತ್ತದೆ. ನಿನಗೆ ಏನು ಕಾಣುತ್ತದೋ ಅದನ್ನು ಬರೆ. ಕಾಣದಿದ್ದರೆ ಕಾಣಲಿಲ್ಲ ಎಂದು ಬರೆ. ನಾನು ಕಾಯುತ್ತಿದ್ದೇನೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡ. ಆದರೆ ಕಾಯುತ್ತಿದ್ದೇನೆ.

ವೈಜಿನಾಥ